ಸರ್ಕೀಟಿನ ಬಿಷಪ್: ಫ್ರಾನ್ಸಿಸ್ ಆಸ್ಬರಿ ಮತ್ತು ಅಮೆರಿಕದ ಮೆಥಡಿಸ್ಟ್ ಬೋಧಕ ಪರಂಪರೆ

ಪಾದ್ರಿಯೆಂದರೆ ಒಂದು ಊರಿಗೆ, ಒಂದು ದೇವಾಲಯಕ್ಕೆ, ಅದರ ಮಗ್ಗುಲಿನ ಸಮಾಧಿಭೂಮಿಗೆ ತನ್ನ ಬದುಕನ್ನು ಕಟ್ಟಿಹಾಕಿಕೊಂಡವನು ಎಂಬ ಕಲ್ಪನೆ ಇಂಗ್ಲೆಂಡಿನಲ್ಲಿ ಶತಮಾನಗಳಿಂದ ಬೇರೂರಿತ್ತು. ಇಡೀ ದೇಶವನ್ನು ಪ್ಯಾರಿಷ್ ಎಂಬ ಸಣ್ಣ ಘಟಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಪಾದ್ರಿಯನ್ನು ನೇಮಿಸಿ, ಅಲ್ಲಿನ ಬೆಳೆಯ ಹತ್ತನೆಯ ಒಂದು ಪಾಲನ್ನು ಅವನ ಜೀವನಕ್ಕೆ ಬಿಟ್ಟುಕೊಡುವ ಏರ್ಪಾಡು ಅಲ್ಲಿನ ರಾಜಮನ್ನಣೆಯ ಆಂಗ್ಲಿಕನ್ ಸಭೆಯದಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ತಲೆಯೆತ್ತಿದ ಮೆಥಡಿಸ್ಟ್ ಚಳವಳಿ ಈ ಏರ್ಪಾಡನ್ನು ನೇರವಾಗಿ ಖಂಡಿಸಲಿಲ್ಲವಾದರೂ, ಅದರ ಪಕ್ಕದಲ್ಲಿಯೇ ಮತ್ತೊಂದು ಬಗೆಯ ಬೋಧಕನನ್ನು ತಂದು ನಿಲ್ಲಿಸಿತು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ಥಾವರವಾಗಿದ್ದ ಪಾದ್ರಿವೃತ್ತಿಯನ್ನು ಅದು ಜಂಗಮಗೊಳಿಸಿತು. ಆದರೆ ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯುವಂತಿಲ್ಲ. ಚರಜಂಗಮನು ತನ್ನ ಅಂತಃಪ್ರೇರಣೆಯಂತೆ ಸಂಚರಿಸಬಲ್ಲವನಾದರೆ, ಮೆಥಡಿಸ್ಟ್ ಬೋಧಕನು ಮತ್ತೊಬ್ಬರು ಕಳುಹಿಸಿದಲ್ಲಿಗೆ ಹೋಗಿ, ಹೊರಡು ಎಂದಾಗ ಹೊರಡಬೇಕಾದವನು. ಹೀಗೆ ಕಳುಹಿಸುವ ಅಧಿಕಾರ, ಹೋಗುವ ವಿಧೇಯತೆ ಎರಡನ್ನೂ ಒಂದೇ ದೇಹದಲ್ಲಿ ಹೊತ್ತು ನಾಲ್ವತ್ತೈದು ವರ್ಷ ಅಮೆರಿಕದ ಕಾಡುದಾರಿಗಳಲ್ಲಿ ಕುದುರೆಯ ಮೇಲೆ ತಿರುಗಿದ ಫ್ರಾನ್ಸಿಸ್ ಆಸ್ಬರಿಯವರ ಜೀವನವನ್ನು ಪರಿಶೀಲಿಸಿದರೆ, ಆ ವೃತ್ತಿಯ ಶಕ್ತಿ ಎಲ್ಲಿತ್ತು ಮತ್ತು ಅದಕ್ಕೆ ತೆತ್ತ ಬೆಲೆ ಯಾವುದು ಎಂಬುದು ಗೊತ್ತಾಗುತ್ತದೆ.

ಚಳವಳಿಯ ಮೂಲಪುರುಷರಾದ ಜಾನ್ ವೆಸ್ಲಿ (1703–1791) ಆಂಗ್ಲಿಕನ್ ಸಭೆಯ ದೀಕ್ಷೆ ಪಡೆದ ಪಾದ್ರಿಗಳು. ಆಕ್ಸ್‌ಫರ್ಡಿನಲ್ಲಿ ಅವರೂ ಅವರ ತಮ್ಮ ಚಾರ್ಲ್ಸರೂ ಗೆಳೆಯರೊಡನೆ ನಿಯಮಬದ್ಧವಾಗಿ ಪ್ರಾರ್ಥನೆ, ಉಪವಾಸ, ಸೆರೆಮನೆಯ ಭೇಟಿ ಮುಂತಾದವನ್ನು ನಡೆಸುತ್ತಿದ್ದುದನ್ನು ಕಂಡು ಸಹಪಾಠಿಗಳು ಗೇಲಿಮಾಡಿ ಇಟ್ಟ ಅಡ್ಡಹೆಸರೇ ‘ಮೆಥಡಿಸ್ಟ್’, ಅಂದರೆ ಕ್ರಮ ತಪ್ಪದವರು, ಎಂಬುದು. 1739ರಲ್ಲಿ ವೆಸ್ಲಿ ಬ್ರಿಸ್ಟಲಿನ ಬಯಲಿನಲ್ಲಿ ನಿಂತು ಗಣಿಕಾರ್ಮಿಕರಿಗೆ ಬೋಧಿಸತೊಡಗಿದ ಮೇಲೆ ಈ ಗೇಲಿಯ ಹೆಸರು ಒಂದು ಜನಸಮುದಾಯದ ಹೆಸರಾಯಿತು. ಬೋಧನೆ ಕೇಳಿ ಮನಸ್ಸು ತಿರುಗಿದವರನ್ನು ಹಾಗೆಯೇ ಬಿಡದೆ ‘ಸೊಸೈಟಿ’ ಎಂಬ ಕೂಟಗಳಾಗಿ, ಆ ಕೂಟವನ್ನು ಮತ್ತೆ ಹನ್ನೆರಡು ಮಂದಿಯ ಆಸುಪಾಸಿನ ‘ಕ್ಲಾಸ್’ ಎಂಬ ಗುಂಪುಗಳಾಗಿ ಒಡೆದು, ಒಬ್ಬೊಬ್ಬ ನಾಯಕನ ಎದುರು ವಾರಕ್ಕೊಮ್ಮೆ ತಮ್ಮ ನಡತೆಯ ಲೆಕ್ಕ ಒಪ್ಪಿಸುವಂತೆ ಮಾಡಲಾಯಿತು. ಮೂರು ತಿಂಗಳಿಗೊಮ್ಮೆ ಯೋಗ್ಯರಿಗೆ ಹೊಸ ಟಿಕೆಟ್ ಕೊಡಲಾಗುತ್ತಿತ್ತು. ಟಿಕೆಟ್ ಸಿಗದವನು ಸದಸ್ಯನಲ್ಲ. ಅನೇಕ ಕೂಟಗಳನ್ನು ಒಂದು ದಾರಿಯಲ್ಲಿ ಪೋಣಿಸಿ, ಆ ದಾರಿಯನ್ನು ಒಬ್ಬಿಬ್ಬರು ಬೋಧಕರು ಸುತ್ತಿ ಬರುವಂತೆ ಮಾಡಿದ ವ್ಯವಸ್ಥೆಯೇ ‘ಸರ್ಕಿಟ್’. ಅಮಲ್ದಾರರ ತಿರುಗಾಟದ ಹೆಸರಾಗಿ ಹಳೆಯ ಮೈಸೂರಿನವರ ಬಾಯಲ್ಲಿ ‘ಸರ್ಕೀಟು’ ಎಂದು ಪಳಗಿರುವುದೂ ಇದೇ ಮಾತು. ಈ ಬೋಧಕರಲ್ಲಿ ಬಹುಪಾಲು ಜನ ದೀಕ್ಷೆಯಿಲ್ಲದ ಸಾಮಾನ್ಯರಾಗಿದ್ದರು. ಅವರು ಪ್ರಸಂಗ ಮಾಡಬಹುದಿತ್ತೇ ಹೊರತು ದೀಕ್ಷಾಸ್ನಾನ ಕೊಡುವ, ಕರ್ತನ ಭೋಜನವೆಂಬ ಸಂಸ್ಕಾರವನ್ನು ನಡೆಸುವ ಹಕ್ಕು ಅವರಿಗಿರಲಿಲ್ಲ. ಅದಕ್ಕಾಗಿ ಜನರು ತಮ್ಮ ಪ್ಯಾರಿಷ್ ಪಾದ್ರಿಯ ಬಳಿಗೇ ಹೋಗಬೇಕಾಗಿತ್ತು. ಮುಂದೆ ಅಮೆರಿಕದಲ್ಲಿ ತಲೆದೋರಿದ ಬಿಕ್ಕಟ್ಟಿಗೆ ಈ ಕೊರತೆಯೇ ಬೀಜವಾದದ್ದರಿಂದ ಇದನ್ನು ನೆನಪಿಡಬೇಕು.

ಆಸ್ಬರಿ ಹುಟ್ಟಿದ್ದು 1745ರ ಆಗಸ್ಟಿನಲ್ಲಿ, ಬರ್ಮಿಂಗ್‌ಹ್ಯಾಮಿಗೆ ಸಮೀಪದ ಹ್ಯಾಮ್‌ಸ್ಟೆಡ್ ಬ್ರಿಜ್ ಎಂಬಲ್ಲಿ. ತಂದೆ ಜೋಸೆಫ್ ಸಿರಿವಂತ ಕುಟುಂಬಗಳ ತೋಟದಲ್ಲಿ ದುಡಿಯುತ್ತಿದ್ದವರು. ಎಳೆಯ ಮಗಳೊಬ್ಬಳನ್ನು ಕಳೆದುಕೊಂಡ ದುಃಖದಲ್ಲಿ ತಾಯಿ ಎಲಿಜಬೆತ್ ಸತ್ಯವೇದದ ಓದಿನಲ್ಲಿ ಮುಳುಗಿದ್ದು, ಉಳಿದ ಒಬ್ಬನೇ ಮಗನ ಮನಸ್ಸು ಧರ್ಮದ ಕಡೆಗೆ ವಾಲಲು ಕಾರಣವಾಯಿತು. ಶಾಲೆಯ ಮೇಷ್ಟರ ಹೊಡೆತ ತಾಳಲಾರದೆ ಹದಿಮೂರರ ಆಸುಪಾಸಿನಲ್ಲಿ ಓದು ಬಿಟ್ಟ ಹುಡುಗ ಲೋಹದ ಕೆಲಸ ಕಲಿಯಲು ಕಸುಬುದಾರನೊಬ್ಬನ ಕೈಕೆಳಗೆ ಸೇರಿದ. ಕುಲುಮೆ, ಸುತ್ತಿಗೆಗಳ ಆ ಸೀಮೆಯಲ್ಲಿಯೇ ಇರುವ ವೆಡ್ನೆಸ್‌ಬರಿಗೆ ಹೋಗಿ ಅವರು ಮೆಥಡಿಸ್ಟರ ಬೋಧನೆ ಕೇಳಿದರು; ಪುಸ್ತಕ ನೋಡದೆ ಪ್ರಾರ್ಥಿಸುವ, ಕಾಗದ ನೋಡದೆ ಪ್ರಸಂಗಿಸುವ ಆ ರೀತಿ, ಅಚ್ಚಾದ ಪ್ರಾರ್ಥನೆಗಳನ್ನೇ ಕೇಳಿ ಬೆಳೆದ ಕಿವಿಗೆ ಹೊಸದಾಗಿ ತೋರಿತು. ಹದಿನೆಂಟರ ಹೊತ್ತಿಗೆ ಅವರು ಸ್ಥಳೀಯ ಬೋಧಕರಾಗಿ, ಅಂದರೆ ಹಗಲು ಕಸುಬು ನಡೆಸಿ ಬಿಡುವಿನಲ್ಲಿ ಸುತ್ತಲಿನ ಊರುಗಳಲ್ಲಿ ಪ್ರಸಂಗ ಮಾಡುವವರಾಗಿ, ಇಪ್ಪತ್ತೊಂದು ದಾಟುತ್ತಿದ್ದಂತೆ ಕಸುಬನ್ನು ಪೂರ್ತಿ ಬಿಟ್ಟು ಸರ್ಕಿಟಿನ ಬೋಧಕರಾದರು. 1771ರ ಆಗಸ್ಟಿನಲ್ಲಿ ಬ್ರಿಸ್ಟಲಿನಲ್ಲಿ ನೆರೆದ ಬೋಧಕರ ವಾರ್ಷಿಕ ಸಮ್ಮೇಳನದಲ್ಲಿ, ಮೆಥಡಿಸ್ಟರು ‘ಕಾನ್ಫರೆನ್ಸ್’ ಎಂದು ಕರೆಯುವ ಕೂಟದಲ್ಲಿ, ಅಮೆರಿಕಕ್ಕೆ ಹೋಗುವವರು ಯಾರು ಎಂದು ವೆಸ್ಲಿ ಕೇಳಿದಾಗ ಮುಂದೆ ಬಂದವರಲ್ಲಿ ಈ ಇಪ್ಪತ್ತಾರರ ಯುವಕರೂ ಒಬ್ಬರು. ಬ್ರಿಸ್ಟಲನ್ನು ತಲುಪಿದಾಗ ಅವರ ಬಳಿ ಕಾಸಿರಲಿಲ್ಲ. ಗೆಳೆಯರು ಬಟ್ಟೆಬರೆಯನ್ನೂ ಹತ್ತು ಪೌಂಡ್ ಹಣವನ್ನೂ ಒದಗಿಸಿದರು. ಹಾಸಿಗೆ ತರಬೇಕೆಂಬ ತಿಳಿವಳಿಕೆ ಇಲ್ಲದೆ ಹಡಗೇರಿದ್ದರಿಂದ ಅಟ್ಲಾಂಟಿಕ್ ಸಾಗರವನ್ನು ಬರಿಯ ಹಲಗೆಯ ಮೇಲೆ ಮಲಗಿ ದಾಟಬೇಕಾಯಿತು. ಈ ಪಯಣದಲ್ಲಿ ಬರೆದ ದಿನಚರಿಯಲ್ಲಿ ಅವರು ತಾನು ಹೋಗುತ್ತಿರುವುದು ಕೀರ್ತಿಗಾಗಿಯೋ ಹಣಕ್ಕಾಗಿಯೋ ಎಂದು ತಮ್ಮನ್ನೇ ಪ್ರಶ್ನಿಸಿಕೊಂಡು, ಎರಡಕ್ಕೂ ಅಲ್ಲವೆಂದು ಉತ್ತರಿಸಿಕೊಂಡಿದ್ದಾರೆ. ಅಕ್ಟೋಬರ್ 27ರಂದು ಫಿಲಡೆಲ್ಫಿಯದಲ್ಲಿ ಇಳಿದ ಮೇಲೆ ಅವರು ಇಂಗ್ಲೆಂಡಿಗೆ ಮರಳಲೇ ಇಲ್ಲ. ತಂದೆ ತೀರಿದ್ದು 1798ರಲ್ಲಿ, ತಾಯಿ 1802ರಲ್ಲಿ. ಅವರಿಗೆ ಹಣ ಕಳುಹಿಸಲು ತಮ್ಮ ಗಡಿಯಾರವನ್ನೂ ಪುಸ್ತಕಗಳನ್ನೂ ಮಾರಿದ್ದಾಗಿ ಈ ಮಗ ಬರೆದ ಪತ್ರ ಉಳಿದಿದೆಯೇ ಹೊರತು ಮುಖ ನೋಡುವ ಭಾಗ್ಯ ಆ ಹೆತ್ತವರಿಗೆ ಒದಗಲಿಲ್ಲ.

ಅಮೆರಿಕದಲ್ಲಿ ಆಸ್ಬರಿಯವರು ಕಂಡ ಮೊದಲ ದೋಷವೇ ಅವರ ಮುಂದಿನ ಬದುಕಿನ ಸೂತ್ರವನ್ನು ನಿರ್ಧರಿಸಿತು. ಅವರಿಗಿಂತ ಎರಡು ವರ್ಷ ಮೊದಲು ವೆಸ್ಲಿ ಕಳುಹಿಸಿದ್ದ ರಿಚರ್ಡ್ ಬೋರ್ಡ್‌ಮನ್ ಮತ್ತು ಜೋಸೆಫ್ ಪಿಲ್ಮೋರ್ ಎಂಬ ಬೋಧಕರು ನ್ಯೂಯಾರ್ಕ್, ಫಿಲಡೆಲ್ಫಿಯ ನಗರಗಳ ಸಭೆಗಳನ್ನು ಸರದಿಯ ಮೇಲೆ ನೋಡಿಕೊಳ್ಳುತ್ತ, ಹೆಚ್ಚು ಕಾಲ ಅಲ್ಲಿಯೇ ನೆಲೆಸಿದ್ದರು. ನಗರದ ಸಭೆಗೆ ಕಟ್ಟಡವಿತ್ತು, ಬೋಧಕನಿಗೆ ಬಿಸಿ ಊಟವಿತ್ತು, ಕೇಳಲು ಜನರಿದ್ದರು. ಬೋಧಕರು ತಿರುಗುತ್ತಲೇ ಇರಬೇಕೆಂದು ಪಟ್ಟು ಹಿಡಿದ ಆಸ್ಬರಿಯವರು, ಮಾತಿಗಿಂತ ನಡೆದು ತೋರಿಸುವುದೇ ಮೇಲೆಂಬಂತೆ, ಆ ಚಳಿಗಾಲದಲ್ಲಿಯೇ ನ್ಯೂಯಾರ್ಕಿನ ಸುತ್ತಲಿನ ಹಳ್ಳಿಗಳ ಕಡೆಗೆ ಹೊರಟು, ಥಂಡಿ ಹತ್ತಿ ಮಲಗಿದರು, ಎದ್ದರು, ಮತ್ತೆ ಹೊರಟರು. ಅವರ ಹಟದಲ್ಲಿ ಕಿರಿಯನೊಬ್ಬ ಹಿರಿಯರಿಗೆ ಪಾಠ ಹೇಳುವ ಉದ್ಧಟತನವೂ ಸ್ವಲ್ಪ ಇತ್ತೆನ್ನಬೇಕು. ಆದರೂ ಅಂಕಿಗಳು ಅವರ ಪರವಾಗಿಯೇ ಮಾತನಾಡಿದವು. 1773ರ ಜುಲೈಯಲ್ಲಿ ಫಿಲಡೆಲ್ಫಿಯದಲ್ಲಿ ಹತ್ತು ಮಂದಿ ಬೋಧಕರು ಸೇರಿ ನಡೆಸಿದ ಅಮೆರಿಕದ ಮೊದಲ ಕಾನ್ಫರೆನ್ಸಿನಲ್ಲಿ ಲೆಕ್ಕ ಹಾಕಿದ 1,160 ಸದಸ್ಯರಲ್ಲಿ ಎರಡು ಮಹಾನಗರಗಳ ಪಾಲು ತಲಾ 180 ಮಾತ್ರ. ಮೇರಿಲ್ಯಾಂಡ್ ಒಂದರಲ್ಲೇ 500 ಮಂದಿ ಇದ್ದರು. ಜನ ಇದ್ದದ್ದು ಹೊಗೆಸೊಪ್ಪಿನ ಹೊಲಗಳ, ಕಾಡು ಕಡಿದು ಕಟ್ಟಿದ ಹೊಸ ಒಕ್ಕಲುಗಳ ನಡುವೆ. ನ್ಯೂಯಾರ್ಕ್, ಫಿಲಡೆಲ್ಫಿಯಗಳ ಬೋಧಕರು ನಾಲ್ಕು ತಿಂಗಳಿಗೆ ಸ್ಥಳ ಬದಲಿಸಿಕೊಳ್ಳಬೇಕೆಂದು ಆ ಕಾನ್ಫರೆನ್ಸ್ ಗೊತ್ತುಮಾಡಿತು.

ಅಷ್ಟರಲ್ಲಿ ಸ್ವಾತಂತ್ರ್ಯ ಸಂಗ್ರಾಮ ಬಂದೆರಗಿತು. ವಸಾಹತುಗಳ ಬಂಡಾಯವನ್ನು ಖಂಡಿಸಿ 1775ರಲ್ಲಿ ವೆಸ್ಲಿ ಹೊರತಂದ ಕಿರುಹೊತ್ತಗೆ ಅಮೆರಿಕದ ಮೆಥಡಿಸ್ಟರನ್ನು ರಾಜನ ಗೂಢಚಾರರೆಂಬ ಸಂಶಯಕ್ಕೆ ಗುರಿಮಾಡಿತು. ಕೆಲವು ಬೋಧಕರು ಏಟು ತಿಂದರು, ಕೆಲವರು ಸೆರೆ ಕಂಡರು. ವೆಸ್ಲಿ ಕಳುಹಿಸಿದ್ದ ಬೋಧಕರು ಒಬ್ಬೊಬ್ಬರಾಗಿ ಇಂಗ್ಲೆಂಡಿನ ಹಡಗು ಹತ್ತಿದರು. 1778ರ ಹೊತ್ತಿಗೆ ಕಾರ್ಯದಲ್ಲಿ ಉಳಿದವರು ಆಸ್ಬರಿ ಒಬ್ಬರೇ. ಮೇರಿಲ್ಯಾಂಡಿನ ಆಡಳಿತ ಕೇಳಿದ ನಿಷ್ಠೆಯ ಪ್ರಮಾಣವನ್ನು ಸ್ವೀಕರಿಸಲು ಮನಸ್ಸಾಕ್ಷಿ ಒಪ್ಪದೆ, ಅಂಥ ಒತ್ತಾಯವಿಲ್ಲದಿದ್ದ ಡೆಲವೇರಿನಲ್ಲಿ ನ್ಯಾಯಾಧೀಶ ಥಾಮಸ್ ವೈಟರ ಮನೆಯಲ್ಲಿ ಅವರು ಆಶ್ರಯ ಪಡೆದರು. ಮುಂದೆ ಎಂದೂ ಒಂದೆಡೆ ನಿಲ್ಲದ ವ್ಯಕ್ತಿ ಸುಮಾರು ಎರಡು ವರ್ಷ ಒಂದೇ ಪುಟ್ಟ ಸೀಮೆಯೊಳಗೆ ಉಳಿದದ್ದು ಇದೊಂದೇ ಸಲ. ಆದರೆ ಈ ಉಳಿಯುವಿಕೆಯೇ ಅವರನ್ನು ಅಮೆರಿಕದವರನ್ನಾಗಿ ಮಾಡಿತು: ಆ ನೆಲದಲ್ಲೇ ಹುಟ್ಟಿದ ಬೋಧಕರ ಕಣ್ಣಿನಲ್ಲಿ ಅವರು ಬಿಟ್ಟುಹೋಗದವರಾದರು.

ಯುದ್ಧದ ಮತ್ತೊಂದು ಪರಿಣಾಮ ಇನ್ನೂ ಆಳವಾದುದು. ಆಂಗ್ಲಿಕನ್ ಪಾದ್ರಿಗಳಲ್ಲಿ ಅನೇಕರು ಓಡಿಹೋದದ್ದರಿಂದ ಮೆಥಡಿಸ್ಟ್ ಕುಟುಂಬಗಳಲ್ಲಿ ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರಿಲ್ಲವಾದರು. ವರ್ಜಿನಿಯದ ಬೋಧಕರು 1779ರಲ್ಲಿ ಫ್ಲುವಾನ ಎಂಬಲ್ಲಿ ಸೇರಿ, ಪರಸ್ಪರ ಹಸ್ತಾರ್ಪಣ ಮಾಡಿಕೊಂಡು, ಸಂಸ್ಕಾರಗಳನ್ನು ತಾವೇ ನಡೆಸತೊಡಗಿದರು. ಹಸ್ತಾರ್ಪಣವೆಂದರೆ ತಲೆಯ ಮೇಲೆ ಕೈಯಿಟ್ಟು ಪಾದ್ರಿಪದವಿಗೆ ಸೇರಿಸುವ ವಿಧಿ. ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಪರಂಪರೆಯೆಂದು ಆಂಗ್ಲಿಕನರು ಅದನ್ನು ಭಾವಿಸುತ್ತಿದ್ದುದರಿಂದ, ದೀಕ್ಷೆಯಿಲ್ಲದವರು ತಮ್ಮೊಳಗೇ ಅದನ್ನು ಮಾಡಿಕೊಂಡದ್ದು ಬಂಡಾಯಕ್ಕೆ ಸಮಾನವಾಗಿತ್ತು. ಆಸ್ಬರಿ ಮರುವರ್ಷ ಖುದ್ದಾಗಿ ಅವರಲ್ಲಿಗೆ ಹೋಗಿ, ವೆಸ್ಲಿಯವರ ಅಭಿಪ್ರಾಯ ಬರುವವರೆಗೆ ಕಾಯಲು ಒಪ್ಪಿಸಿದರು. ಆ ಅಭಿಪ್ರಾಯ ಬರಲು ನಾಲ್ಕು ವರ್ಷ ಹಿಡಿಯಿತು. ಆಂಗ್ಲಿಕನ್ ಬಿಷಪ್ಪರು ನೆರವಿಗೆ ಬಾರದಿದ್ದಾಗ, ಎಂಬತ್ತೊಂದರ ವೆಸ್ಲಿ 1784ರ ಸೆಪ್ಟೆಂಬರಿನಲ್ಲಿ ತಾವೇ ಇಬ್ಬರಿಗೆ ದೀಕ್ಷೆ ನೀಡಿ, ಥಾಮಸ್ ಕೋಕ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸ ಪಾದ್ರಿಯನ್ನು ‘ಸೂಪರಿಂಟೆಂಡೆಂಟ್’ ಎಂದು ನೇಮಿಸಿ, ಆಸ್ಬರಿಯನ್ನೂ ಅದೇ ಸ್ಥಾನಕ್ಕೆ ಏರಿಸಬೇಕೆಂದು ಹೇಳಿ ಅಮೆರಿಕಕ್ಕೆ ಕಳುಹಿಸಿದರು.

ನವೆಂಬರ್ 14ರಂದು ಡೆಲವೇರಿನ ಬ್ಯಾರೆಟ್ಸ್ ಚಾಪೆಲಿನಲ್ಲಿ ಕೋಕರನ್ನು ಭೇಟಿಯಾದ ಆಸ್ಬರಿಯವರು ಕೊಟ್ಟ ಉತ್ತರ ಈ ಚರಿತ್ರೆಯ ತಿರುವು. ವೆಸ್ಲಿಯವರ ನೇಮಕವೊಂದೇ ತನಗೆ ಸಾಲದು, ಬೋಧಕರೆಲ್ಲ ಸೇರಿ ಆರಿಸಿದರೆ ಮಾತ್ರ ಒಪ್ಪುವೆನೆಂದು ಅವರು ಹೇಳಿದರು. ಅದು ವಿನಯವೂ ಹೌದು, ಜಾಣತನವೂ ಹೌದು. ಸಮುದ್ರದಾಚೆಯ ವೃದ್ಧರೊಬ್ಬರ ಕಾಗದದಿಂದ ಬಂದ ಅಧಿಕಾರವನ್ನು ಇನ್ನೊಂದು ಕಾಗದ ಕಿತ್ತುಕೊಳ್ಳಬಲ್ಲದು, ಒಟ್ಟಿಗೆ ಹಸಿದು ನಡೆದವರು ಕೊಟ್ಟದ್ದನ್ನು ಹಾಗೆ ಕಿತ್ತುಕೊಳ್ಳಲಾಗದು. ಫ್ರೀಬಾರ್ನ್ ಗ್ಯಾರೆಟ್‌ಸನ್ ಎಂಬ ಬೋಧಕರು ಕುದುರೆಯೇರಿ ನೂರಾರು ಮೈಲಿ ತಿರುಗಿ ಸುದ್ದಿ ಮುಟ್ಟಿಸಿದರು. ಡಿಸೆಂಬರ್ 24ರಂದು ಬಾಲ್ಟಿಮೋರಿನ ಲವ್ಲಿ ಲೇನ್ ಚಾಪೆಲಿನಲ್ಲಿ ಅರವತ್ತರಷ್ಟು ಬೋಧಕರು ನೆರೆದು ‘ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ’ಯನ್ನು, ಅಂದರೆ ಬಿಷಪ್ಪರ ಮೇಲ್ವಿಚಾರಣೆಗೊಳಪಟ್ಟ ಮೆಥಡಿಸ್ಟ್ ಸಭೆಯನ್ನು, ಸ್ಥಾಪಿಸಿದರು. ಮುಂದಿನ ಮೂರು ದಿನಗಳಲ್ಲಿ ದಿನಕ್ಕೊಂದರಂತೆ ಆಸ್ಬರಿಯವರಿಗೆ ಡೀಕನ್, ಎಲ್ಡರ್, ಸೂಪರಿಂಟೆಂಡೆಂಟ್ ಎಂಬ ಮೂರು ಪದವಿಗಳ ಹಸ್ತಾರ್ಪಣವಾಯಿತು. ಕೆಲವು ವರ್ಷಗಳಲ್ಲಿ ‘ಸೂಪರಿಂಟೆಂಡೆಂಟ್’ ಹೋಗಿ ‘ಬಿಷಪ್’ ಬಂದಾಗ, ತನ್ನನ್ನು ಯಾರಾದರೂ ಆ ಹೆಸರಿನಿಂದ ಕರೆದರೆ ಸಹಿಸಲಾರೆನೆಂಬರ್ಥದಲ್ಲಿ ವೆಸ್ಲಿ 1788ರಲ್ಲಿ ಕಟುವಾಗಿ ಬರೆದರು. ಆ ಮಾತಿನಿಂದ ನೊಂದರೂ ಆಸ್ಬರಿ ಪದವಿಯನ್ನು ಬಿಡಲಿಲ್ಲ.

ಬಿಷಪ್ ಎಂದೊಡನೆ ಅರಮನೆ, ಸಾರೋಟುಗಳನ್ನು ನೆನೆಯುವ ಯುರೋಪಿನವರಿಗೆ ಈ ಬಿಷಪ್ಪರ ಬದುಕು ವಿಚಿತ್ರವೆನಿಸುವಂತಿತ್ತು. ಅವರ ಸಂಬಳ ಸರ್ಕಿಟಿನ ಕಿರಿಯ ಬೋಧಕನಷ್ಟೇ: ವರ್ಷಕ್ಕೆ 64 ಡಾಲರ್, 1800ರ ನಂತರ 80. ಅವರಿಗೆ ಸ್ವಂತ ಮನೆಯಿರಲಿಲ್ಲ, ಮದುವೆಯೂ ಆಗಲಿಲ್ಲ. ವರ್ಷದಲ್ಲಿ ಹೆಚ್ಚಿನ ದಿನ ಹೊರಗಿರುವ ಗಂಡನನ್ನು ಯಾವ ಹೆಣ್ಣಿಗೂ ಕಟ್ಟುವುದು ನ್ಯಾಯವಲ್ಲವೆಂಬ ಅವರ ವಾದ ಒಪ್ಪತಕ್ಕದ್ದೇ ಆದರೂ, ಮದುವೆಯಾಗಿ ತಿರುಗಾಟ ಬಿಟ್ಟ ತರುಣ ಬೋಧಕರ ಬಗೆಗೆ ಅವರು ತೋರುತ್ತಿದ್ದ ಅಸಮಾಧಾನದಲ್ಲಿ ಪಡೆಯನ್ನು ಕಳೆದುಕೊಳ್ಳುತ್ತಿರುವ ದಳಪತಿಯ ಸಿಡುಕು ಕಾಣುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಕ್ಯಾರೊಲಿನ, ಬೇಸಗೆಯಲ್ಲಿ ಉತ್ತರದ ನ್ಯೂ ಇಂಗ್ಲೆಂಡ್, ನಡುವೆ ಅಲೆಗೆನಿ ಬೆಟ್ಟಸಾಲನ್ನು ದಾಟಿ ಪಶ್ಚಿಮದ ಕೆಂಟಕಿ, ಟೆನೆಸಿ, ಹೀಗೆ ಹವೆಗೆ ತಕ್ಕಂತೆ ಸುತ್ತುತ್ತ ಅವರು ಪ್ರತಿ ಪ್ರಾಂತದ ಕಾನ್ಫರೆನ್ಸಿಗೂ ಖುದ್ದಾಗಿ ಅಧ್ಯಕ್ಷತೆ ವಹಿಸುತ್ತಿದ್ದರು. ಜೀವಮಾನದಲ್ಲಿ ಅವರು ಕ್ರಮಿಸಿದ ದಾರಿ ಸುಮಾರು 2,70,000 ಮೈಲಿ ಎಂದೂ ಬೆಟ್ಟಸಾಲನ್ನು ಸುಮಾರು ಅರವತ್ತು ಸಲ ದಾಟಿದ್ದರೆಂದೂ ಲೆಕ್ಕ ಹಾಕಲಾಗಿದೆ.

ಪ್ರತಿ ಕಾನ್ಫರೆನ್ಸಿನ ಕೊನೆಯ ಗಳಿಗೆ ಬೋಧಕರ ಪಾಲಿಗೆ ಎದೆ ಡವಗುಟ್ಟುವ ಗಳಿಗೆಯಾಗಿತ್ತು. ಆಸ್ಬರಿ ಎದ್ದು ನಿಂತು, ಯಾರು ಯಾವ ಸರ್ಕಿಟಿಗೆ ಎಂಬ ಪಟ್ಟಿಯನ್ನು ಓದುತ್ತಿದ್ದರು. ಆ ಪಟ್ಟಿಯ ವಿರುದ್ಧ ಮೇಲ್ಮನವಿ ಇರಲಿಲ್ಲ. ಹೀಗೆ ನೇಮಕಗೊಂಡ ಬೋಧಕ, ಜೀನಿನ ಎರಡೂ ಮಗ್ಗುಲಿಗೆ ಜೋತುಬೀಳುವ ಹಸಿಬೆಯಲ್ಲಿ ಸತ್ಯವೇದ, ಕೀರ್ತನೆಗಳ ಪುಸ್ತಕ ಮತ್ತು ‘ಡಿಸಿಪ್ಲಿನ್’ ಎಂಬ ಸಭಾನಿಯಮಗಳ ಹೊತ್ತಗೆಯನ್ನಿಟ್ಟುಕೊಂಡು, ನಾಲ್ಕರಿಂದ ಆರು ವಾರಗಳಿಗೊಮ್ಮೆ ಮುಗಿಯುವ ನೂರಾರು ಮೈಲಿಯ ಸುತ್ತಿಗೆ ಹೊರಡುತ್ತಿದ್ದ. ಬಿರುಮಳೆಯ ದಿನ ಹೊರಗೆ ಕಾಣುವುದು ಕಾಗೆಗಳು ಮತ್ತು ಮೆಥಡಿಸ್ಟ್ ಬೋಧಕರು ಮಾತ್ರ ಎಂಬ ನಾಣ್ಣುಡಿ ಅಮೆರಿಕದಲ್ಲಿ ಹುಟ್ಟಿಕೊಂಡದ್ದು ಇವರನ್ನು ನೋಡಿಯೇ. ದಿಮ್ಮಿಯ ಮನೆಯ ಒಲೆಯ ಮುಂದೆ, ಕಣಜದಲ್ಲಿ, ಮರದಡಿಯಲ್ಲಿ, ಹತ್ತು ಜನ ಸಿಕ್ಕಿದರೂ ಪ್ರಸಂಗ ನಡೆಯುತ್ತಿತ್ತು. ಮೋಕ್ಷ ಹೊಂದುವವರು ಯಾರೆಂಬುದನ್ನು ದೇವರು ಮೊದಲೇ ನಿಗದಿಮಾಡಿರುವನೆಂಬ ಕ್ಯಾಲ್ವಿನ್‌ಪಂಥದ ಸಿದ್ಧಾಂತಕ್ಕೆ ಎದುರಾಗಿ, ಕೃಪೆ ಎಲ್ಲರಿಗೂ ತೆರೆದಿದೆ, ಒಪ್ಪುವುದು ಬಿಡುವುದು ಮನುಷ್ಯನ ಕೈಯಲ್ಲಿದೆ ಎಂದು ಮೆಥಡಿಸ್ಟರು ಹೇಳುತ್ತಿದ್ದುದು, ತನ್ನ ಕೈಯಿಂದಲೇ ಕಾಡು ಕಡಿದು ನೆಲೆ ಕಂಡ ಒಕ್ಕಲಿಗನಿಗೆ ತನ್ನ ಅನುಭವದ ಮಾತಿನಂತೆ ಕೇಳಿಸಿರಬೇಕು. ಬೋಧಕ ಮುಂದಿನ ಊರಿಗೆ ಹೋದ ಮೇಲೆ ಕ್ಲಾಸಿನ ನಾಯಕನು, ಹಲವೆಡೆ ಒಬ್ಬ ರೈತನೋ ಕಸುಬುದಾರನೋ, ಆ ಸಣ್ಣ ಗುಂಪನ್ನು ಕಾಯುತ್ತಿದ್ದ. ದೀಕ್ಷೆ ಪಡೆದ ವಿದ್ಯಾವಂತ ಪಾದ್ರಿ ಬರುವವರೆಗೆ ಕಾದ ಇತರ ಸಭೆಗಳು ಗುಡ್ಡಗಾಡಿನಲ್ಲಿ ಹಿಂದೆ ಬಿದ್ದುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಆಸ್ಬರಿ ದೊಡ್ಡ ವಾಗ್ಮಿಯಲ್ಲ, ಸಿದ್ಧಾಂತಕಾರರೂ ಅಲ್ಲ. ಹದಿಮೂರಕ್ಕೆ ಶಾಲೆ ಬಿಟ್ಟವರು ಕುದುರೆಯ ಮೇಲೆ ಕುಳಿತೇ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದ್ದುಂಟು. ಆದರೆ ಅವರ ಬರವಣಿಗೆ ಎಂದರೆ ಮುಖ್ಯವಾಗಿ ಆ ದಿನಚರಿ. ಇಂದು ಇಷ್ಟು ಮೈಲಿ, ಇಂಥ ವಾಕ್ಯದ ಮೇಲೆ ಪ್ರಸಂಗ, ಇಂಥ ಕಾಯಿಲೆ ಎಂದು ಸಾಗುವ ಅದರ ಶುಷ್ಕತೆಯ ನಡುವೆ ಆಗಾಗ ಚರಿತ್ರಕಾರನಿಗೆ ಬೇಕಾದ ಬದುಕು ಇಣುಕುತ್ತದೆ. ಗಡಿನಾಡಿನ ಕೊಳಕು ಹಾಸಿಗೆಗಳಲ್ಲಿ ಕಜ್ಜಿ ಹತ್ತದಿರಬೇಕಾದರೆ ಗಂಧಕ ಸವರಿದ ಅಂಗಿ ತೊಟ್ಟು ಮಲಗುವುದೊಂದೇ ದಾರಿಯೆಂದು ಅವರು ಒಂದೆಡೆ ಗೊಣಗಿದ್ದಾರೆ. ಜ್ವರ, ಸಂಧಿವಾತ, ಗಂಟಲ ಹುಣ್ಣು, ಉಬ್ಬಸ, ಇವುಗಳಿಗೆ ಆ ಕಾಲದ ಮದ್ದುಗಳಾದ ರಕ್ತ ತೆಗೆಸುವುದು, ಬೊಕ್ಕೆ ಬರಿಸುವುದು, ಇವೂ ಪುಟಪುಟದಲ್ಲಿವೆ. ಓದುತ್ತ ಹೋದಂತೆ ಇದು ಒಬ್ಬ ಸಂತನ ಕಥೆಗಿಂತ ಹೆಚ್ಚಾಗಿ ಸವೆದುಹೋಗುತ್ತಿರುವ ದೇಹವೊಂದರ ಲೆಕ್ಕಪುಸ್ತಕದಂತೆ ತೋರುತ್ತದೆ.

ಅಧಿಕಾರದ ಪ್ರಶ್ನೆ ಸುಮ್ಮನೆ ಉಳಿಯಲಿಲ್ಲ. ರಾಜನನ್ನು ಆಗಷ್ಟೇ ಕಿತ್ತೊಗೆದಿದ್ದ ದೇಶದಲ್ಲಿ ಒಬ್ಬರೇ ನೂರಾರು ಮಂದಿಯನ್ನು ಬೇಕಾದಲ್ಲಿಗೆ ಕಳುಹಿಸಬಹುದೆಂಬುದು ಕೆಲವರಿಗೆ ಸಹ್ಯವಾಗಲಿಲ್ಲ. ನೇಮಕದಿಂದ ಅನ್ಯಾಯವಾಯಿತೆಂದು ಭಾವಿಸಿದ ಬೋಧಕನು ಕಾನ್ಫರೆನ್ಸಿಗೆ ಮೊರೆಯಿಡುವ ಹಕ್ಕು ಪಡೆಯಬೇಕೆಂದು ವರ್ಜಿನಿಯದ ಜೇಮ್ಸ್ ಓಕೆಲಿ 1792ರ ಜನರಲ್ ಕಾನ್ಫರೆನ್ಸಿನಲ್ಲಿ, ಅಂದರೆ ಎಲ್ಲ ಪ್ರಾಂತಗಳಿಗೂ ಸೇರಿದ ಕೂಟದಲ್ಲಿ, ಮಂಡಿಸಿದ ಸೂಚನೆ ದೀರ್ಘ ಚರ್ಚೆಯ ನಂತರ ಬಿದ್ದುಹೋಯಿತು. ಅವರು ತಮ್ಮ ಜೊತೆಗಾರರೊಡನೆ ಹೊರನಡೆದು ‘ರಿಪಬ್ಲಿಕನ್ ಮೆಥಡಿಸ್ಟ್’ ಎಂಬ ಬೇರೆ ಸಭೆ ಕಟ್ಟಿದರು. ಆಸ್ಬರಿಯವರ ನಿಲುವು ನಿರಂಕುಶವಾಗಿತ್ತೆಂಬುದರಲ್ಲಿ ಅನುಮಾನವಿಲ್ಲ. ಆದರೆ ತಾನು ಕಳುಹಿಸಿದ ಅತ್ಯಂತ ದುರ್ಗಮ ಸರ್ಕಿಟಿಗೂ ತಾನೇ ಹೋಗಿಬರುವ ನಿರಂಕುಶ ಪ್ರಭು ಅಪರೂಪ. ಬೋಧಕರಲ್ಲಿ ಬಹುಸಂಖ್ಯಾತರು ಅವರ ಜೊತೆಗೆ ನಿಂತದ್ದು ಅದರಿಂದಲೇ. ಬೋಧಕರು ತಿರುಗುತ್ತಲೇ ಇರಬೇಕೆಂಬ ಪಟ್ಟೂ ಉಳಿಯಿತು: ಒಬ್ಬ ಬೋಧಕ ಒಂದೆಡೆ ಎರಡು ವರ್ಷಕ್ಕಿಂತ ಹೆಚ್ಚು ಇರಕೂಡದೆಂಬ ನಿಯಮ 1804ರಲ್ಲಿ ಬಂದಿತು.

ಕಳುಹಿಸಿದಲ್ಲಿಗೆ ತಾನೂ ಹೋಗುತ್ತಿದ್ದರೆಂಬ ಈ ಸಮರ್ಥನೆ ಗುಲಾಮಗಿರಿಯ ವಿಷಯದಲ್ಲಿ ಕೈಕೊಡುತ್ತದೆ. ಮೊದಲು ಮೆಥಡಿಸ್ಟರ ಮಾತು ಸ್ಪಷ್ಟವಾಗಿತ್ತು: 1784ರ ಕಾನ್ಫರೆನ್ಸ್ ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಲೇಬೇಕೆಂದು ವಿಧಿಸಿತು, 1785ರ ಮೇ ತಿಂಗಳಲ್ಲಿ ಕೋಕ್ ಮತ್ತು ಆಸ್ಬರಿ ಮೌಂಟ್ ವರ್ನನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ನರನ್ನು ಕಂಡು ವಿಮೋಚನೆಯ ಮನವಿಗೆ ಬೆಂಬಲ ಕೋರಿದರು. ವಾಷಿಂಗ್ಟನ್ ಸಹಾನುಭೂತಿ ತೋರಿದರು, ಸಹಿ ಹಾಕಲಿಲ್ಲ. ದಕ್ಷಿಣದ ಜಮೀನುದಾರರ ಸಿಟ್ಟು ನೋಡಿ ಬಿಡುಗಡೆಯ ನಿಯಮವನ್ನೂ ಆರು ತಿಂಗಳೊಳಗೆ ತಡೆಹಿಡಿಯಲಾಯಿತು. 1808ರ ಹೊತ್ತಿಗೆ, ಗುಲಾಮಗಿರಿಯ ಕುರಿತ ಅಧ್ಯಾಯವನ್ನೇ ತೆಗೆದುಹಾಕಿದ ಡಿಸಿಪ್ಲಿನ್‌ನ ಸಾವಿರ ಪ್ರತಿಗಳನ್ನು ದಕ್ಷಿಣ ಕ್ಯಾರೊಲಿನಕ್ಕಾಗಿ ಬೇರೆಯಾಗಿ ಅಚ್ಚು ಹಾಕಿಸುವವರೆಗೆ ಈ ಹಿಂಜರಿತ ಬೆಳೆಯಿತು. ಮರುವರ್ಷ ಆಸ್ಬರಿ ತಮ್ಮ ದಿನಚರಿಯಲ್ಲಿ, ಗುಲಾಮರ ಬಿಡುಗಡೆಗೆ ಹೋರಾಡಿ ಅವರ ಬಳಿಗೆ ಹೋಗುವ ದಾರಿಯನ್ನೇ ಕಳೆದುಕೊಳ್ಳುವುದಕ್ಕಿಂತ, ಅವರ ಸ್ಥಿತಿಗತಿ ಸುಧಾರಿಸಿ ಆತ್ಮದ ಹಿತ ನೋಡುವುದೇ ಮೇಲಲ್ಲವೇ ಎಂಬ ತರ್ಕವನ್ನು ಮುಂದಿಟ್ಟಿದ್ದಾರೆ. ಇದು ತಿರುಗಾಟದ ವೃತ್ತಿಯ ಒಳಗಿನಿಂದಲೇ ಹುಟ್ಟಿದ ತರ್ಕ. ಎಲ್ಲ ಊರಿನ ಬಾಗಿಲೂ ತನಗೆ ತೆರೆದಿರಬೇಕೆಂದು ಬಯಸುವವನು ಯಾವ ಮನೆಯ ಯಜಮಾನನನ್ನೂ ಎದುರು ಹಾಕಿಕೊಳ್ಳಲಾರ. ಆಸ್ಬರಿಯವರಿಗೆ ದಕ್ಷಿಣದ ಬಾಗಿಲು ತೆರೆದೇ ಉಳಿಯಿತು, ಅದರ ಬೆಲೆಯನ್ನು ತೆತ್ತವರು ಬಾಗಿಲಾಚೆ ಹೊಲದಲ್ಲಿ ದುಡಿಯುತ್ತಿದ್ದವರು.

ಅವರ ಸ್ವಂತ ಒಡನಾಟಗಳಿಂದ ಈ ವಿಪರ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. ಓದುಬರಹ ಬಾರದ, ಆದರೆ ಕೇಳುವವರನ್ನು ಬೆರಗುಗೊಳಿಸುವ ಪ್ರಸಂಗಿಯಾಗಿದ್ದ ಹ್ಯಾರಿ ಹೋಷಿಯರ್ ಎಂಬ ಕರಿಯ ಬೋಧಕರು ಅನೇಕ ಪಯಣಗಳಲ್ಲಿ ಅವರ ಸಂಗಾತಿಯಾಗಿದ್ದರು. ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡಿದ್ದ ರಿಚರ್ಡ್ ಆಲೆನ್ ಎಂಬ ಮತ್ತೊಬ್ಬ ಕರಿಯ ಬೋಧಕರನ್ನು ಆಸ್ಬರಿ ದಕ್ಷಿಣದ ಪ್ರವಾಸಕ್ಕೆ ಕರೆದಾಗ, ಅಲ್ಲಿನ ಗುಲಾಮರೊಡನೆ ಬೆರೆಯಕೂಡದು, ಕೆಲವು ಕಡೆ ಗಾಡಿಯಲ್ಲಿಯೇ ಮಲಗಬೇಕಾದೀತು ಎಂದೂ ತಿಳಿಸಿದರು, ಆಲೆನ್ ಒಪ್ಪಲಿಲ್ಲ. ಫಿಲಡೆಲ್ಫಿಯದ ಸೇಂಟ್ ಜಾರ್ಜ್ ದೇವಾಲಯದಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕರಿಯರನ್ನು ಬಿಳಿಯರು ಎಬ್ಬಿಸಲು ಹೊರಟಾಗ ಹೊರನಡೆದವರಲ್ಲಿ ಆಲೆನ್ ಒಬ್ಬರು. ಅವರು ಕಮ್ಮಾರನ ಹಳೆಯ ಕುಲುಮೆಯ ಕಟ್ಟಡವನ್ನು ಎಳೆಸಿ ತಂದು ನಿಲ್ಲಿಸಿ ಬೆತೆಲ್ ಎಂಬ ದೇವಾಲಯ ಮಾಡಿಕೊಂಡಾಗ, 1794ರಲ್ಲಿ ಅದನ್ನು ಪ್ರತಿಷ್ಠೆ ಮಾಡಿದವರು, ಒಮ್ಮೆ ಲೋಹದ ಕೆಲಸಕ್ಕೆ ಕೂತಿದ್ದ ಈ ಬಿಷಪ್ಪರೇ. 1799ರಲ್ಲಿ ಆಲೆನ್ನರಿಗೆ ಡೀಕನ್ ದೀಕ್ಷೆಯನ್ನೂ ಅವರೇ ಕೊಟ್ಟರು. ಆದರೂ ಬಿಳಿಯರ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಲು ಬೆತೆಲಿನ ಜನ ವರ್ಷಗಟ್ಟಲೆ ಹೆಣಗಬೇಕಾಯಿತು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಎಂಬ ಸ್ವತಂತ್ರ ಸಭೆ ರೂಪುಗೊಂಡದ್ದು 1816ರ ಏಪ್ರಿಲಿನಲ್ಲಿ, ಆಸ್ಬರಿ ತೀರಿದ ಎರಡು ವಾರದೊಳಗೆ. ಗುಲಾಮಗಿರಿಯ ಪ್ರಶ್ನೆಯನ್ನು ಮುಂದೂಡುತ್ತ ಬಂದ ಮೂಲ ಸಭೆ 1844ರಲ್ಲಿ ಅದೇ ಪ್ರಶ್ನೆಯ ಮೇಲೆ ಉತ್ತರ, ದಕ್ಷಿಣ ಎಂದು ಎರಡಾಗಿ ಸೀಳಿತು.

ಸ್ಥಾವರಗಳು ಆಸ್ಬರಿಯವರ ಕೈಗೆ ಹತ್ತಲಿಲ್ಲವೆನ್ನಬೇಕು. ಕೋಕರ ಉತ್ಸಾಹದಿಂದ ಮೇರಿಲ್ಯಾಂಡಿನ ಅಬಿಂಗ್ಡನ್ನಿನಲ್ಲಿ ಕಟ್ಟಿ 1787ರಲ್ಲಿ ತೆರೆದ ಕೋಕ್ಸ್‌ಬರಿ ಕಾಲೇಜು 1795ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಬಾಲ್ಟಿಮೋರಿನಲ್ಲಿ ಮತ್ತೆ ಆರಂಭಿಸಿದ್ದೂ ಒಂದು ವರ್ಷದಲ್ಲಿ ಸುಟ್ಟುಹೋಯಿತು. ಕಾಲೇಜು ಕಟ್ಟುವುದು ದೇವರು ಮೆಥಡಿಸ್ಟರಿಗೆ ಒಪ್ಪಿಸಿದ ಕೆಲಸವಲ್ಲವೆಂದು ಅವರು ಇದರಿಂದ ತೀರ್ಮಾನಿಸಿದರು. ಅವರ ಸಾವಿನ ನಂತರ ಅದೇ ಸಭೆ ಕಾಲೇಜುಗಳನ್ನು ಸಾಲುಸಾಲಾಗಿ ಕಟ್ಟಿದ್ದನ್ನು ನೋಡಿದರೆ ಈ ತೀರ್ಮಾನ ಅವಸರದ್ದಾಗಿತ್ತು.

ಕೊನೆಯ ವರ್ಷಗಳಲ್ಲಿ ಕುದುರೆ ಏರಲಾರದೆ ಗಾಡಿಯಲ್ಲಿ, ಗಾಡಿಯಿಂದ ಇಳಿಯಲಾರದೆ ಇತರರ ತೋಳುಗಳಲ್ಲಿ ಅವರ ಸಂಚಾರ ಮುಂದುವರಿಯಿತು. 1816ರ ಮಾರ್ಚ್ 24ರಂದು ರಿಚ್‌ಮಂಡಿನಲ್ಲಿ ಅವರನ್ನು ಹೊತ್ತು ತಂದು ಮೇಜಿನ ಮೇಲೆ ಕೂರಿಸಲಾಯಿತು. ಕುಳಿತೇ ಕೊನೆಯ ಪ್ರಸಂಗ ಮಾಡಿದರು. ಬಾಲ್ಟಿಮೋರಿನ ಜನರಲ್ ಕಾನ್ಫರೆನ್ಸಿಗೆ ಹೊರಟವರು ದಾರಿಯಲ್ಲಿ, ವರ್ಜಿನಿಯದ ಸ್ಪಾಟ್ಸಿಲ್ವೇನಿಯ ಸೀಮೆಯ ಒಂದು ಮನೆಯಲ್ಲಿ, ಮಾರ್ಚ್ 31ರ ಭಾನುವಾರ ತೀರಿಕೊಂಡರು. ಅವರು ಇಳಿದಾಗ ಕೆಲವು ನೂರು ಮಂದಿಯಷ್ಟಿದ್ದ ಅಮೆರಿಕದ ಮೆಥಡಿಸ್ಟ್ ಸದಸ್ಯರ ಸಂಖ್ಯೆ ಅಂದು ಎರಡು ಲಕ್ಷವನ್ನು ದಾಟಿತ್ತು. ದಿನಚರಿ 1821ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೂಲ ಹಸ್ತಪ್ರತಿ 1836ರಲ್ಲಿ ನ್ಯೂಯಾರ್ಕಿನ ಮೆಥಡಿಸ್ಟ್ ಪುಸ್ತಕ ಪ್ರಕಾಶನಾಲಯದ ಬೆಂಕಿಯಲ್ಲಿ ಬೂದಿಯಾಯಿತು. 1924ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅವರ ಪ್ರತಿಮೆ ನಿಲ್ಲಿಸಿದಾಗ ಶಿಲ್ಪಿ ಅವರನ್ನು ಕುದುರೆಯಿಂದ ಇಳಿಸಲಿಲ್ಲ.

ಕನ್ನಡ ನಾಡಿಗೆ ಮೆಥಡಿಸ್ಟರು ಬಂದದ್ದು ಎರಡು ದಾರಿಗಳಲ್ಲಿ, ಮತ್ತು ಈ ಎರಡನ್ನೂ ಒಂದೆಂದು ಭಾವಿಸುವ ತಪ್ಪು ಸಾಮಾನ್ಯವಾಗಿದೆ. 1821ರಿಂದ ಬೆಂಗಳೂರಿನಲ್ಲಿ, ಮುಂದೆ ಗುಬ್ಬಿ, ಮೈಸೂರು, ತುಮಕೂರುಗಳಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನಲ್ಲಿಯೇ ಉಳಿದ ಕವಲಿಗೆ ಸೇರಿದ್ದು. ಅದು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಲೀನವಾಯಿತು. ಆಸ್ಬರಿ ಕಟ್ಟಿದ ಅಮೆರಿಕದ ಕವಲು 1856ರಲ್ಲಿ ಬರೇಲಿಯ ಮೂಲಕ ಭಾರತಕ್ಕೆ ಬಂದು, 1870ರ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಸಂಚಾರಿ ಬೋಧಕರೊಡನೆ ದಕ್ಷಿಣಕ್ಕಿಳಿದು, ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳನ್ನು ಸ್ಥಾಪಿಸಿ, ಕೋಲಾರ, ಬೀದರ್, ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಹಬ್ಬಿ, 1904ರಲ್ಲಿ ಲಂಡನ್ ಮಿಷನ್ನಿನಿಂದ ಬೆಳಗಾವಿಯ ಕಾರ್ಯವನ್ನು ವಹಿಸಿಕೊಂಡಿತು. 1981ರಲ್ಲಿ ಅದು ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವಾಯತ್ತ ಸಭೆಯಾಯಿತು. ಊರೂರಿನ ಸಭಾಪಾಲಕರ ವರ್ಗಾವಣೆಯ ಪಟ್ಟಿಯನ್ನು ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರೇ ಓದುವ ಪದ್ಧತಿ ಆ ಸಭೆಯಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ.